ಡಿಕ್ರಿ ಆಯ್ತು, ದುಡ್ಡು ಬರಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಒಂದೇ ಗೋಳು. ಕೇಸು ಗೆದ್ದು ಡಿಕ್ರಿ, ಅಂದರೆ ಇಷ್ಟು ಹಣ ಕೊಡಬೇಕು ಎಂಬ ಕೋರ್ಟಿನ ಆದೇಶ, ಕೈಯಲ್ಲಿದೆ, ಎದುರಿನವರ ಹೆಸರಲ್ಲಿ ಮನೆ, ಸೈಟು, ಜಮೀನು ಎಲ್ಲಾ ಇದೆ, ಆದರೂ ಒಂದು ರೂಪಾಯಿ ಕೈಗೆ ಬಂದಿಲ್ಲ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವುಗಳನ್ನೇ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಪರಿಚಯದವರೊಬ್ಬರಿಗೆ 8 ಲಕ್ಷ ರೂಪಾಯಿ ಕೈಸಾಲ ಕೊಟ್ಟಿದ್ದೆ. ವಾಪಸ್ ಕೊಡಲಿಲ್ಲ. 2019ರಲ್ಲಿ ತುಮಕೂರಿನ ಕೋರ್ಟಿನಲ್ಲಿ ದಾವೆ ಹಾಕಿದೆ, 2023ರಲ್ಲಿ ಡಿಕ್ರಿ ಆಯಿತು. ಅಸಲು, ದಾವೆಯ ದಿನದಿಂದ ಶೇ 6 ಬಡ್ಡಿ, ಜೊತೆಗೆ ಖರ್ಚು. ಆಮೇಲೆ ಕೋರ್ಟಿನಿಂದ ಏನೂ ಸುದ್ದಿಯಿಲ್ಲ. ಅವರಿಗೆ ತುಮಕೂರಿನಲ್ಲಿ ಮನೆ, ಬೆಂಗಳೂರಿನ ಹೊರಗೆ ಒಂದು ಸೈಟು ಇದೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗ ಹೇಳುತ್ತಾನೆ, ಅಲ್ಲಿ ತೀರ್ಪಿನ ಸಾರಾಂಶವನ್ನು ಕೌಂಟಿ ಕಚೇರಿಯಲ್ಲಿ ದಾಖಲಿಸಿದರೆ ಸಾಕು, ಸೋತವರ ಆಸ್ತಿ ಮೇಲೆ ಲೀನ್, ಅಂದರೆ ಬಾಕಿ ತೀರುವ ತನಕ ಉಳಿಯುವ ಋಣಭಾರ, ಬೀಳುತ್ತದೆ ಅಂತ. ಇಲ್ಲಿ ಸಬ್ ರಿಜಿಸ್ಟ್ರಾರ್‌ಗೆ ಡಿಕ್ರಿ ಕೊಟ್ಟರೆ ಹಾಗೆ ಆಗುತ್ತದೆಯೇ?
ಒಬ್ಬ ಓದುಗರು, ತುಮಕೂರು

ಉತ್ತರ: ನಿಮ್ಮ ಮಗ ಹೇಳಿದ್ದು ಅಲ್ಲಿಯ ಮಟ್ಟಿಗೆ ಸರಿ. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ದಾಖಲಿಸಿದರೆ ಆ ಕೌಂಟಿಯಲ್ಲಿ ಸೋತವರಿಗೆ ಇರುವ ಸ್ಥಿರಾಸ್ತಿಗೆಲ್ಲ ಅದು ಅಂಟಿಕೊಳ್ಳುತ್ತದೆ, ಸಾಮಾನ್ಯವಾಗಿ 10 ವರ್ಷ ಇರುತ್ತದೆ, ಅಷ್ಟರೊಳಗೆ ತೀರ್ಪನ್ನು ನವೀಕರಿಸಿಕೊಳ್ಳಲೂಬಹುದು. ಗೆದ್ದವರು ಸುಮ್ನೆ ಕಾಯ್ತಾ ಕೂತರೂ, ಮನೆ ಮಾರುವಾಗಲೋ ಹೊಸ ಸಾಲ ತೆಗೆಯುವಾಗಲೋ ಇವರ ಬಾಕಿ ಅಲ್ಲೇ ತೀರುವುದುಂಟು. ನಮ್ಮಲ್ಲಿ ಆ ದಾರಿ ಇಲ್ಲ. ಡಿಕ್ರಿ ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಕೆಲಸ ಆಗುವುದಿಲ್ಲ. ಡಿಕ್ರಿಯಲ್ಲೇ ‘ಇಂಥ ಆಸ್ತಿಯ ಮೇಲೆ ಈ ಹಣಕ್ಕೆ ಋಣಭಾರ’ ಎಂದು ಬರೆದಿದ್ದರೆ ಮಾತು ಬೇರೆ. ಬರೀ ಹಣದ ಡಿಕ್ರಿ ಯಾವ ಆಸ್ತಿಗೂ ತಾನಾಗಿ ತಗಲುವುದಿಲ್ಲ.

ಇನ್ನೊಂದು, ಕೋರ್ಟಿನಿಂದ ಸುದ್ದಿ ಬರಲಿ ಅಂತ ಕಾಯಬೇಡಿ, ಬರುವುದಿಲ್ಲ. ಡಿಕ್ರಿ ಕೊಟ್ಟಲ್ಲಿಗೆ ಆ ದಾವೆಯ ಕೆಲಸ ಮುಗಿಯಿತು. ವಸೂಲಿಗೆ ನೀವೇ ಅಮಲ್ಜಾರಿ ಅರ್ಜಿ ಹಾಕಬೇಕು, ಕೋರ್ಟಿನ ಆವರಣದಲ್ಲಿ ಎಲ್ಲರೂ ಎಕ್ಸಿಕ್ಯೂಷನ್ ಅನ್ನುವುದು ಅದನ್ನೇ. ಅಲ್ಲಿಂದ ನೀವು ಡಿಕ್ರಿದಾರರು, ಅವರು ತೀರ್ಪಿನ ಸಾಲಗಾರರು, ಗುಮಾಸ್ತರ ಬಾಯಲ್ಲಿ ಡಿಎಚ್‌ಆರ್ ಮತ್ತು ಜೆಡಿಆರ್. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬರ್ಥದ ಮಾತನ್ನು ಬ್ರಿಟಿಷರ ಕಾಲದ ಕೊನೆಯ ಅಪೀಲು ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಅದು ಇನ್ನೂ ಹಳೆಯದಾಗಿಲ್ಲ.

ಅರ್ಜಿ ಎಲ್ಲಿ ಹಾಕಬೇಕು? ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಹಾಕಬಹುದು. ಆದರೆ ಆ ಕೋರ್ಟು ತನ್ನ ವ್ಯಾಪ್ತಿಯ ಹೊರಗಿರುವ ಆಸ್ತಿಯ ಮೇಲೆ ಕೈ ಇಡುವಂತಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಸೆಕ್ಷನ್ 39ರ ನಾಲ್ಕನೇ ಉಪವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ವಿಷಯದಲ್ಲಿ ತುಮಕೂರಿನ ಮನೆಗೆ ತುಮಕೂರಿನಲ್ಲೇ ಅರ್ಜಿ ನಡೆಯುತ್ತದೆ. ಸೈಟು ಬೇಕೆಂದರೆ ಡಿಕ್ರಿಯನ್ನು ಆ ಭಾಗದ ಕೋರ್ಟಿಗೆ ವರ್ಗಾಯಿಸಿ ಕೊಡಿ ಎಂದು ಮೊದಲು ಕೇಳಬೇಕು, ಆಮೇಲೆ ಅಲ್ಲಿ ಅರ್ಜಿ. ಯಾವುದನ್ನು ಆರಿಸಿಕೊಳ್ಳಬೇಕು ಅನ್ನುವುದಕ್ಕೆ ಮೊದಲು ಎರಡಕ್ಕೂ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ ನೋಡಿ. ಬ್ಯಾಂಕಿನ ಅಡಮಾನ ಇದೆಯೇ, ಮಗಳಿಗೆ ದಾನಪತ್ರ ಆಗಿದೆಯೇ, ಯಾರಿಗಾದರೂ ಕ್ರಯದ ಕರಾರು ನೋಂದಣಿ ಮಾಡಿಕೊಟ್ಟಿದ್ದಾರೆಯೇ, ಎಲ್ಲಾ ಅಲ್ಲಿ ಸಿಗುತ್ತದೆ. ಖಾತೆ ಈಗ ಯಾರ ಹೆಸರಲ್ಲಿದೆ ಅನ್ನುವುದನ್ನೂ ನೋಡಿಕೊಳ್ಳಿ. ಈ ಕೆಲಸ ಬಿಟ್ಟು ನೇರವಾಗಿ ಅರ್ಜಿ ಹಾಕಿದವರು ಆರು ತಿಂಗಳಾದ ಮೇಲೆ, ಅಯ್ಯೋ ಆ ಸೈಟು ಅವರ ಹೆಸರಲ್ಲೇ ಇಲ್ಲವಂತೆ ಅಂತ ಬರುತ್ತಾರೆ.

ಬೇರೇನು ಆಸ್ತಿ ಇದೆ ಅಂತ ಗೊತ್ತಿಲ್ಲದಿದ್ದರೆ ಅವರ ಬಾಯಿಂದಲೇ ಹೇಳಿಸಬಹುದು. ಹಣದ ಡಿಕ್ರಿ 30 ದಿನ ತೀರದೆ ಉಳಿದರೆ, ಸಿಪಿಸಿಯ ಆದೇಶ 21 ನಿಯಮ 41ರ ಕೆಳಗೆ ನಿಮ್ಮ ಎಲ್ಲ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಿ ಎಂದು ಕೋರ್ಟು ಸಾಲಗಾರರಿಗೆ ಹೇಳಬಹುದು. ಕೊಡದೆ ತಪ್ಪಿಸಿಕೊಂಡರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. ಇಷ್ಟು ಉಪಯೋಗದ ನಿಯಮ ಯಾಕೋ ಅಪರೂಪಕ್ಕೆ ಬಳಕೆಯಾಗುತ್ತದೆ, ನಿಮ್ಮ ವಕೀಲರಿಗೆ ನೆನಪಿಸಿ.

ಲೆಕ್ಕ ಈಗಲೇ ಮಾಡಿಟ್ಟುಕೊಳ್ಳಿ. 8 ಲಕ್ಷಕ್ಕೆ ಶೇ 6 ಎಂದರೆ ವರ್ಷಕ್ಕೆ 48,000. 2019ರಿಂದ 2025ರವರೆಗೆ ಆರು ವರ್ಷ ಹಿಡಿದರೆ 2,88,000, ಅಲ್ಲಿಗೆ 10,88,000, ಅದರ ಮೇಲೆ ಡಿಕ್ರಿಯಲ್ಲಿ ಬರೆದ ಖರ್ಚು. ಡಿಕ್ರಿ ಆಗಿ ಎರಡು ವರ್ಷ ದಾಟಿರುವುದರಿಂದ ಜಪ್ತಿಗೆ ಮುಂಚೆ ಅವರಿಗೆ ನೋಟಿಸು ಹೋಗಲೇಬೇಕು, ಅದು ಅದೇ ಆದೇಶ 21ರ ನಿಯಮ 22, ಮುಂದೆ ಬರೀ ನಿಯಮ ಎಂದಲ್ಲೆಲ್ಲ ಈ ಆದೇಶದ್ದೇ. ಎರಡು ವರ್ಷದೊಳಗೆ ಬಂದಿದ್ದರೆ ಈ ಹಂತ ಇರುತ್ತಿರಲಿಲ್ಲ. ನೋಟಿಸು ಸಿಕ್ಕ ಕೂಡಲೇ ಆಸ್ತಿ ಸಾಗಿಸಲು ಓಡುವವರೂ ಇದ್ದಾರೆ, ಅದಕ್ಕೇ ಡಿಕ್ರಿ ಬಿಸಿ ಇರುವಾಗಲೇ ಬನ್ನಿ ಅಂತ ಎಲ್ಲರಿಗೂ ಹೇಳುವುದು.

ಅರ್ಜಿಯ ಜೀವ ಇರುವುದು ಅದರ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರ ಬರೆಯುವ ಭಾಗದಲ್ಲಿ. ಸ್ಥಿರಾಸ್ತಿ ಜಪ್ತಿ ಕೇಳುವಾಗ ಆಸ್ತಿಯನ್ನು ಗುರುತಿಸುವಷ್ಟು ವಿವರ, ಅದರಲ್ಲಿ ಸಾಲಗಾರರಿಗೆ ಎಷ್ಟು ಪಾಲು ಅನ್ನುವುದು ಇರಬೇಕು ಎನ್ನುತ್ತದೆ ನಿಯಮ 13. ಸರ್ವೆ ನಂಬರ್ ಅಥವಾ ಖಾತೆ ನಂಬರ್, ಅಳತೆ, ನಾಲ್ಕು ಕಡೆಯ ಚೆಕ್ಕುಬಂದಿ. ಹಳೇ ಕ್ರಯಪತ್ರದಿಂದ ಕಣ್ಣುಮುಚ್ಚಿ ನಕಲು ಮಾಡಿ, ಪೂರ್ವಕ್ಕೆ ‘ಖಾಲಿ ಜಾಗ’ ಅಂತ ಬರೆದಿರುತ್ತಾರೆ. ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರು ಹೋಗಿ ನೋಡಿದರೆ ಪೂರ್ವಕ್ಕೆ ಮೂರು ಮಹಡಿ ಕಟ್ಟಡ. ಆಸ್ತಿ ಗುರುತು ಸಿಗಲಿಲ್ಲ ಅಂತ ಷರಾ ಬರೆದು ವಾರಂಟು ವಾಪಸ್. ಮತ್ತೆ ತಿದ್ದುಪಡಿ, ಮತ್ತೆ ಪ್ರೋಸೆಸ್ ಫೀ, ಮತ್ತೊಂದು ತಾರೀಕು. ಒಂದು ಭಾನುವಾರ ಬಿಡುವು ಮಾಡಿಕೊಂಡು ಆ ಮನೆ ಮುಂದೆ ಹೋಗಿ ನಿಂತು ಈಗಿನ ಚೆಕ್ಕುಬಂದಿ ಬರೆದುಕೊಂಡು ಬಂದರೆ ಇದೆಲ್ಲ ತಪ್ಪುತ್ತದೆ.

ಜಪ್ತಿ ನಡೆಯುವುದು ನಿಯಮ 54ರ ಪ್ರಕಾರ. ಅಮೀನರು ಬರುತ್ತಾರೆ, ಆಸ್ತಿಯ ಹತ್ತಿರ ತಮಟೆ ಹೊಡೆಸಿ ಅಥವಾ ಅಲ್ಲಿಯ ರೂಢಿಯಂತೆ ಸಾರಿ ಆದೇಶ ಓದುತ್ತಾರೆ, ಅದರ ಪ್ರತಿಯನ್ನು ಎಲ್ಲರಿಗೂ ಕಾಣುವ ಕಡೆ, ಸಾಮಾನ್ಯವಾಗಿ ಬಾಗಿಲಿಗೋ ಗೇಟಿಗೋ ಅಂಟಿಸುತ್ತಾರೆ, ಅಕ್ಕಪಕ್ಕದವರ ಸಹಿ ಹಾಕಿಸಿ ಮಹಜರು ಬರೆಯುತ್ತಾರೆ. ಸಹಿ ಹಾಕಲು ನೆರೆಯವರು ಒಪ್ಪುವುದಿಲ್ಲ, ಇಬ್ಬರನ್ನು ನೀವೇ ಕರೆದುಕೊಂಡು ಹೋಗಿ. ಕೋರ್ಟಿನ ಫಲಕಕ್ಕೂ ಒಂದು ಪ್ರತಿ. ಕಂದಾಯ ಕಟ್ಟುವ ಜಮೀನಾದರೆ ಜಿಲ್ಲಾಧಿಕಾರಿ ಕಚೇರಿಗೆ, ಹಳ್ಳಿಯ ಜಮೀನಾದರೆ ಗ್ರಾಮ ಪಂಚಾಯಿತಿಗೂ. ಇಷ್ಟಕ್ಕೇ ನಿಲ್ಲಬೇಡಿ. ಜಪ್ತಿ ಆದೇಶದ ಪ್ರತಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೂ ಖಾತೆ ಇರುವ ಕಚೇರಿಗೂ ಕಳುಹಿಸಿ ಎಂದು ಕೋರ್ಟನ್ನು ಕೇಳಿಕೊಳ್ಳಿ. ಇಸಿಯಲ್ಲಿ ಜಪ್ತಿ ಕಂಡರೆ ಯಾವ ಬ್ಯಾಂಕೂ ಅದರ ಮೇಲೆ ಸಾಲ ಕೊಡಲು ಮುಂದೆ ಬರುವುದಿಲ್ಲ, ಬುದ್ಧಿ ಇರುವ ಯಾರೂ ಕೊಳ್ಳುವುದಿಲ್ಲ. ನಿಮ್ಮ ಮಗ ಹೇಳಿದ ಲೀನಿಗೆ ನಮ್ಮಲ್ಲಿ ಅತಿ ಹತ್ತಿರದ್ದು ಅಂದರೆ ಇದೇ.

ಆದರೆ ಅದೇ ಅಲ್ಲ. ಜಪ್ತಿ ಆದ ಮೇಲೆ ಸಾಲಗಾರರು ಮಾರಿದರೆ ಆ ಮಾರಾಟ ನಿಮ್ಮ ಡಿಕ್ರಿಯ ಮುಂದೆ ನಿಲ್ಲುವುದಿಲ್ಲ, ಸಿಪಿಸಿ ಸೆಕ್ಷನ್ 64 ಅದಕ್ಕಿದೆ. ಹಾಗಂತ ಆಸ್ತಿಯಲ್ಲಿ ನಿಮಗೆ ಹಕ್ಕು ಬಂತು, ನಿಮ್ಮದೇ ಮೊದಲ ಪಾಳಿ ಅಂತಲೂ ಅಲ್ಲ. ಬೇಲಿ ಹಾಕಿದ ಮಾತ್ರಕ್ಕೆ ತೋಟ ನಿಮ್ಮದಾಗುವುದಿಲ್ಲ ಅಲ್ವಾ, ಹಾಗೆ. ಜಪ್ತಿಗೆ ಮುಂಚೆಯೇ ನೋಂದಣಿಯಾದ ಕ್ರಯದ ಕರಾರು ಇದ್ದು, ಅದರಂತೆ ಆಮೇಲೆ ಕ್ರಯವಾದರೆ ಅದಕ್ಕೆ ಜಪ್ತಿ ಅಡ್ಡ ಬರುವುದಿಲ್ಲ, 2002ರ ತಿದ್ದುಪಡಿಯಲ್ಲಿ ಇದನ್ನು ಸೇರಿಸಿದರು. ನಿಮ್ಮಂತೆಯೇ ಬೇರೆ ಡಿಕ್ರಿದಾರರು ಹಣ ಕೋರ್ಟಿಗೆ ಬರುವ ಮೊದಲೇ ಅದೇ ಕೋರ್ಟಿನಲ್ಲಿ ಅಮಲ್ಜಾರಿ ಹಾಕಿದ್ದರೆ ಸೆಕ್ಷನ್ 73ರಂತೆ ಹಣ ಹಂಚಿಹೋಗುತ್ತದೆ. ನಿಮಗೆ 10 ಲಕ್ಷ, ಇನ್ನೊಬ್ಬರಿಗೆ 30 ಲಕ್ಷ ಬರಬೇಕಿದ್ದು, ಖರ್ಚು ಕಳೆದು 20 ಲಕ್ಷ ಸಿಕ್ಕಿತು ಅನ್ನಿ, ನಿಮ್ಮ ಪಾಲು 5 ಲಕ್ಷ ಮಾತ್ರ, ಮೊದಲು ಜಪ್ತಿ ಮಾಡಿಸಿದವರು ನೀವೇ ಆಗಿದ್ದರೂ.

ಅಷ್ಟರಲ್ಲೂ ಸಾಲಗಾರರು ಬಗ್ಗದಿದ್ದರೆ ಹರಾಜು. ಅದಕ್ಕೆ ಮುಂಚೆ ನಿಯಮ 66ರ ಮಾರಾಟ ಪ್ರಕಟಣೆ, ಅದರಲ್ಲಿ ಆಸ್ತಿಯ ಮೇಲಿನ ಋಣಭಾರ, ವಸೂಲಾಗಬೇಕಾದ ಮೊತ್ತ, ಎರಡೂ ಕಡೆಯವರು ಹೇಳುವ ಬೆಲೆ ಬರುತ್ತದೆ. ಬೇಗ ಮುಗಿಯಲಿ ಅಂತ ಇಲ್ಲಿ ಬೆಲೆ ಇಳಿಸಿ ಹೇಳುವ ಚಪಲ ಬೇಡ, ನಾಳೆ ಹರಾಜು ರದ್ದಾಗಲು ಅದೇ ಕಾರಣವಾಗುತ್ತದೆ. ಪ್ರಕಟಣೆ ಕೋರ್ಟಿನಲ್ಲಿ ಅಂಟಿಸಿ 15 ದಿನ ಕಳೆಯುವ ತನಕ, ಸಾಲಗಾರರ ಲಿಖಿತ ಒಪ್ಪಿಗೆ ಇಲ್ಲದೆ ಹರಾಜು ನಡೆಯುವಂತಿಲ್ಲ. ಕೂಗಿದವರು ಅಲ್ಲೇ ಶೇ 25 ಕಟ್ಟಬೇಕು, ಉಳಿದದ್ದು 15 ದಿನದೊಳಗೆ. ನೀವೇ ಕೂಗಬೇಕೆಂದರೆ ಕೋರ್ಟಿನ ಅನುಮತಿ ಮುಂಚೆಯೇ ಪಡೆಯಬೇಕು. ಅನುಮತಿ ಸಿಕ್ಕಿದರೆ ನಿಮಗೆ ಬರಬೇಕಾದ ಹಣವನ್ನು ಬೆಲೆಯಲ್ಲಿ ವಜಾ ಮಾಡಿಕೊಳ್ಳಬಹುದು.

ನನ್ನ ಅನುಭವದಲ್ಲಿ ಹರಾಜಿನ ತನಕ ಹೋಗುವ ಕೇಸು ಕಡಿಮೆ. ಬಾಗಿಲಿಗೆ ಕಾಗದ ಅಂಟಿದ ವಾರದಲ್ಲೇ ಅವರ ಕಡೆಯ ಹಿರಿಯರೊಬ್ಬರು ಫೋನ್ ಮಾಡಿ, ಸರ್ ಸ್ವಲ್ಪ ಬಡ್ಡಿ ಬಿಡಿ ಕೂತು ಮಾತಾಡೋಣ ಅನ್ನುತ್ತಾರೆ. ಮಾತಾಡಿ, ತಪ್ಪಿಲ್ಲ. ಆದರೆ ಪೂರ್ತಿ ಹಣ ಬರುವ ತನಕ ಜಪ್ತಿ ತೆಗೆಸಲು ಒಪ್ಪಬೇಡಿ.

ಎಷ್ಟು ದಿನ ಆಗಬಹುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಂಗಳೂರಿನ ಆಸ್ತಿಯೊಂದರ ವಿವಾದದಲ್ಲೇ ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲಿ, ಅಮಲ್ಜಾರಿ ಅರ್ಜಿಯನ್ನು ಹಾಕಿದ ಆರು ತಿಂಗಳಲ್ಲಿ ಮುಗಿಸಬೇಕು, ಆಗದಿದ್ದರೆ ಕಾರಣ ಬರೆದಿಡಬೇಕು ಎಂದಿತು. 2025ರ ಮಾರ್ಚ್‌ನಲ್ಲಿ ಮತ್ತೊಂದು ಕೇಸಿನಲ್ಲಿ ಎಲ್ಲ ಹೈಕೋರ್ಟುಗಳಿಂದ ಬಾಕಿ ಲೆಕ್ಕ ಕೇಳಿತು. ದೇಶದಲ್ಲಿ 8.8 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಅಂತ ಆ ವರ್ಷದ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಆರು ತಿಂಗಳು ಅನ್ನುವುದನ್ನು ನಂಬಿ ಯಾರಿಗೂ ದುಡ್ಡಿನ ಮಾತು ಕೊಡಬೇಡಿ, ಆದರೆ ತಾರೀಕು ತಳ್ಳುತ್ತಿದ್ದರೆ ಆ ತೀರ್ಪನ್ನು ಮೆಮೊ ಜೊತೆ ಕೋರ್ಟಿನ ಮುಂದಿಡಲು ವಕೀಲರಿಗೆ ಹೇಳಿ.

ಪ್ರಶ್ನೆ: ನಾವು ಹಣದ ದಾವೆ ಹಾಕಿದ ಮೂರು ತಿಂಗಳಿಗೆ ಎದುರುದಾರರು ತಮ್ಮ ಒಂದೇ ಮನೆಯನ್ನು ಹೆಂಡತಿಗೆ ದಾನಪತ್ರ ಮಾಡಿಕೊಟ್ಟಿದ್ದಾರೆ. ಈಗ ನಮಗೆ ಡಿಕ್ರಿ ಆಗಿದೆ. ಕೇಸು ನಡೆಯುವಾಗ ಮಾಡಿದ ವರ್ಗಾವಣೆ ತಾನಾಗಿಯೇ ಬಿದ್ದುಹೋಗುತ್ತದೆ ಅಂತ ಊರಿನವರು ಹೇಳುತ್ತಾರೆ, ನಿಜವೇ?
ಓದುಗರು, ಶಿವಮೊಗ್ಗ

ಉತ್ತರ: ಇಲ್ಲ. ಊರಿನವರು ಹೇಳುವ ನಿಯಮ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 52. ಅದು ಬರುವುದು ಆ ಆಸ್ತಿಯ ಹಕ್ಕಿನ ಬಗ್ಗೆಯೇ ದಾವೆ ಇದ್ದಾಗ, ಪಾಲಿನ ಕೇಸು, ಕ್ರಯ ಮಾಡಿಕೊಡಿ ಅನ್ನುವ ಕೇಸು ಹೀಗೆ. ನೀವು ಹಾಕಿದ್ದು ಹಣಕ್ಕೆ, ಮನೆ ಆ ದಾವೆಯಲ್ಲಿ ಇರಲೇ ಇಲ್ಲ. ಜಪ್ತಿಯೂ ಆಗಿರಲಿಲ್ಲ, ಹಾಗಾಗಿ ಮೇಲೆ ಹೇಳಿದ ಸೆಕ್ಷನ್ 64 ಕೂಡ ನಿಮ್ಮ ನೆರವಿಗೆ ಬರುವುದಿಲ್ಲ.

ನಿಮಗೆ ಉಳಿದಿರುವುದು ಅದೇ ಕಾಯ್ದೆಯ ಸೆಕ್ಷನ್ 53. ಸಾಲ ಕೊಟ್ಟವರಿಗೆ ಹಣ ಕೊಡುವುದನ್ನು ತಪ್ಪಿಸಲು ಅಥವಾ ಎಳೆದಾಡಲು ಮಾಡಿದ ವರ್ಗಾವಣೆಯನ್ನು ಅವರು ರದ್ದು ಮಾಡಿಸಬಹುದು. ದುಡ್ಡು ಕೊಟ್ಟು ಒಳ್ಳೆಯ ನಂಬಿಕೆಯಿಂದ ಕೊಂಡವರಿಗೆ ಅದರಲ್ಲಿ ರಕ್ಷಣೆ ಇದೆ, ಆದರೆ ದಾನ ಪಡೆದ ಹೆಂಡತಿ ದುಡ್ಡು ಕೊಟ್ಟೇ ಇಲ್ಲವಲ್ಲ. ಇದ್ದದ್ದು ಅದೊಂದೇ ಮನೆ, ಬೇರೆ ಆಸ್ತಿ ಉಳಿದಿಲ್ಲ, ದಾವೆಯ ಸಮನ್ಸು ಕೈಗೆ ಸಿಕ್ಕ ಮೇಲೆ ದಾನಪತ್ರ ಆಯಿತು, ದಾನ ಕೊಟ್ಟ ಗಂಡ ಈಗಲೂ ಅದೇ ಮನೆಯಲ್ಲಿದ್ದಾರೆ, ಕರೆಂಟ್ ಬಿಲ್ಲು ಅವರ ಹೆಸರಲ್ಲೇ ಬರುತ್ತದೆ. ಇವೆಲ್ಲ ಒಂದೊಂದಾಗಿ ಸಾಕ್ಷ್ಯ. ಸಮನ್ಸು ಜಾರಿಯಾದ ತಾರೀಕು ಮತ್ತು ದಾನಪತ್ರದ ತಾರೀಕು, ಎರಡನ್ನೂ ದೃಢೀಕೃತ ನಕಲಿನಲ್ಲಿ ತೆಗೆದಿಟ್ಟುಕೊಳ್ಳಿ.

ದಾರಿ ಎರಡು. ದಾನಪತ್ರ ನಿಮ್ಮ ವಿರುದ್ಧ ನಡೆಯುವುದಿಲ್ಲ ಅಂತ ಬೇರೆ ದಾವೆ ಹಾಕುವುದು ಒಂದು, ಆಗ ಅದನ್ನು ಅವರಿಗೆ ಸಾಲ ಕೊಟ್ಟ ಎಲ್ಲರ ಪರವಾಗಿ ಹಾಕಬೇಕಾಗುತ್ತದೆ. ಇಲ್ಲವೇ ಮನೆಯನ್ನೇ ಜಪ್ತಿಗೆ ಕೇಳುವುದು. ಆಗ ಆ ಹೆಂಗಸು ಇದು ನನ್ನ ಮನೆ ಎಂದು ನಿಯಮ 58ರಲ್ಲಿ ತಕರಾರು ಹಾಕುತ್ತಾರೆ, ಅದಕ್ಕೆ ಉತ್ತರವಾಗಿ ನೀವು ಈ ದಾನಪತ್ರ ಮೋಸದ್ದು ಎನ್ನುತ್ತೀರಿ, ಅಮಲ್ಜಾರಿ ಕೋರ್ಟೇ ಸಾಕ್ಷಿ ತೆಗೆದುಕೊಂಡು ತೀರ್ಮಾನಿಸುತ್ತದೆ. ನಾನಾದರೆ ಎರಡನೆಯದನ್ನೇ ಹಿಡಿಯುತ್ತೇನೆ.

ಇನ್ನೂ ದಾವೆ ನಡೆಯುತ್ತಿರುವ ಓದುಗರು ಇದನ್ನು ಗಮನಿಸಿ: ಎದುರುದಾರರು ಆಸ್ತಿ ಮಾರಲು ಓಡಾಡುತ್ತಿದ್ದಾರೆ ಎನ್ನುವುದಕ್ಕೆ ಆಧಾರ ಇದ್ದರೆ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಬಹುದು, ಆದೇಶ 38 ನಿಯಮ 5. ಸುಮ್ನೆ ‘ಮಾರಿಬಿಡುತ್ತಾರೆ ಅಂತ ಭಯ’ ಎಂದು ಬರೆದರೆ ಸಿಗುವುದಿಲ್ಲ. ದಲ್ಲಾಳಿ ಹಾಕಿದ ಜಾಹೀರಾತೋ, ಕರಾರು ಪತ್ರದ ನಕಲೋ ಏನಾದರೂ ಬೇಕು. ಹಾಗೆ ಆದ ಜಪ್ತಿ ಡಿಕ್ರಿ ಆದ ಮೇಲೂ ಮುಂದುವರಿಯುತ್ತದೆ, ಹೊಸದಾಗಿ ಮಾಡಿಸಬೇಕಿಲ್ಲ.

ಪ್ರಶ್ನೆ: ಸಾಲಗಾರರ ಮನೆ ಮೇಲೆ ಬ್ಯಾಂಕಿನ ಗೃಹಸಾಲ ಇದೆ. ಜಪ್ತಿ ಮಾಡಿಸಿ ಪ್ರಯೋಜನ ಇದೆಯೇ?
ಓದುಗರು, ಹುಬ್ಬಳ್ಳಿ

ಉತ್ತರ: ಸಾಲ ಎಷ್ಟು ಉಳಿದಿದೆ ಅನ್ನುವುದರ ಮೇಲೆ ಹೋಗುತ್ತದೆ. ನಿಮ್ಮ ಜಪ್ತಿಗಿಂತ ಮುಂಚಿನ ಅಡಮಾನ ಮುಂದೆಯೇ ಇರುತ್ತದೆ, ನಿಮ್ಮ ಜಪ್ತಿ ಅದನ್ನು ಹಿಂದೆ ಹಾಕುವುದಿಲ್ಲ. 60 ಲಕ್ಷದ ಮನೆಗೆ 15 ಲಕ್ಷ ಸಾಲ ಉಳಿದಿದ್ದರೆ ಧಾರಾಳವಾಗಿ ಮುಂದುವರಿಯಿರಿ, 50 ಲಕ್ಷ ಉಳಿದಿದ್ದರೆ ಕೂಗುವವರೇ ಬರುವುದು ಕಷ್ಟ, ಬೇರೆ ಆಸ್ತಿ ಹುಡುಕಿ. ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆ ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕೇ ಮನೆ ಮಾರಿದರೆ, ತನ್ನ ಬಾಕಿ ಮತ್ತು ಖರ್ಚು ಕಳೆದು ಮಿಕ್ಕಿದ್ದನ್ನು ಹಕ್ಕಿರುವವರಿಗೆ ಕೊಡಬೇಕು ಅಂತ ಸೆಕ್ಷನ್ 13ರಲ್ಲಿದೆ. ಆ ಮಿಕ್ಕ ಹಣ ಸಾಲಗಾರರ ಕೈಗೆ ಹೋಗುವ ಮುಂಚೆ ನಿಮ್ಮ ಜಪ್ತಿ ಆದೇಶ ಬ್ಯಾಂಕಿಗೆ ತಲುಪಿರಬೇಕು. ಬ್ಯಾಂಕು ಮಾರಾಟದ ನೋಟಿಸನ್ನು ಪತ್ರಿಕೆಯಲ್ಲಿ ಹಾಕುತ್ತದೆ, ಕಣ್ಣಿಡಿ.

ಪ್ರಶ್ನೆ: 2014ರ ಜುಲೈನಲ್ಲಿ ನಮ್ಮ ತಂದೆಗೆ ಡಿಕ್ರಿ ಆಗಿತ್ತು. ಅಮಲ್ಜಾರಿ ಹಾಕಿ ಎದುರಿನವರ ಜಮೀನು ಜಪ್ತಿಯೂ ಆಗಿತ್ತು. ಆಮೇಲೆ ತಂದೆ ತೀರಿಕೊಂಡರು, ಯಾರೂ ಹೋಗದೆ ಅರ್ಜಿ ವಜಾ ಆಗಿದೆ. ಜಪ್ತಿ ಇನ್ನೂ ಇದೆ ಅಂತ ನಂಬಿದ್ದೆವು. ಈಗ ಆ ಜಮೀನು ಮಾರಾಟವಾಗಿದೆ ಎನ್ನುತ್ತಿದ್ದಾರೆ.
ಓದುಗರು, ಹಾಸನ

ಉತ್ತರ: ಪತ್ರ ಓದಿ ಬೇಜಾರಾಯಿತು, ಯಾಕೆಂದರೆ ಇಂಥದ್ದು ಬಹಳ ಆಗುತ್ತದೆ. ನಿಯಮ 57 ಓದಿ. ಜಪ್ತಿ ಆದ ಮೇಲೆ ಅರ್ಜಿ ಯಾವ ಕಾರಣಕ್ಕೆ ವಜಾ ಆದರೂ, ಜಪ್ತಿ ಮುಂದುವರಿಯಬೇಕೇ ನಿಲ್ಲಬೇಕೇ ಅಂತ ಕೋರ್ಟು ಹೇಳಬೇಕು. ಹೇಳದೆ ಬಿಟ್ಟರೆ ನಿಂತಂತೆಯೇ ಲೆಕ್ಕ. ವಜಾ ಆದೇಶದ ನಕಲು ತೆಗೆಸಿ ನೋಡಿ. ಮುಂದುವರಿಯುತ್ತದೆ ಎಂಬ ಒಂದು ಸಾಲು ಇಲ್ಲದಿದ್ದರೆ ಆ ದಿನವೇ ಜಪ್ತಿ ಹೋಯಿತು, ಆಮೇಲೆ ಆದ ಮಾರಾಟವನ್ನು ಜಪ್ತಿ ಹೆಸರಲ್ಲಿ ತಡೆಯಲು ಆಗುವುದಿಲ್ಲ. ವಜಾ ಆದ ಅರ್ಜಿಗೆ ಮತ್ತೆ ಜೀವ ಕೊಡಿಸಲು ಇದ್ದದ್ದು 30 ದಿನ.

ಡಿಕ್ರಿ ಮಾತ್ರ ಸತ್ತಿಲ್ಲ. ಅಮಲ್ಜಾರಿಗೆ ಕಾಲಮಿತಿ ಕಾಯ್ದೆಯ 136ನೇ ಅನುಚ್ಛೇದದಲ್ಲಿ 12 ವರ್ಷ ಇದೆ, ನಿಮ್ಮದು ಮುಗಿಯುವುದು 2026ರ ಜುಲೈನಲ್ಲಿ. ಅದರೊಳಗೆ ವಾರಸುದಾರರೆಲ್ಲ ಸೇರಿ ಹೊಸ ಅರ್ಜಿ ಹಾಕಿ. ಈ ಪತ್ರಿಕೆ ಮಡಚಿಟ್ಟು ಇವತ್ತೇ ವಕೀಲರ ಹತ್ತಿರ ಹೋಗಿ ಅಂದರೂ ಜಾಸ್ತಿ ಆಗಲಿಕ್ಕಿಲ್ಲ. ಆ ಜಮೀನು ಹೋಗಿದ್ದರೆ ಬೇರೆ ಆಸ್ತಿ ತೋರಿಸಿ, ಅಥವಾ ಮಾರಾಟವೇ ಮೋಸದ್ದಾಗಿದ್ದರೆ ಶಿವಮೊಗ್ಗದವರಿಗೆ ಹೇಳಿದ ಸೆಕ್ಷನ್ 53 ನಿಮಗೂ ಇದೆ. ಜಮೀನಿನ ವಿಷಯದಲ್ಲಿ ಇನ್ನೊಂದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ನಿರ್ಬಂಧ ಕೋರ್ಟಿನ ಹರಾಜಿಗೂ ಅನ್ವಯಿಸುತ್ತದೆ. ಅಂಥ ಜಮೀನಿನ ಹಿಂದೆ ಬಿದ್ದು ಉಳಿದ ಕಾಲ ಕಳೆಯಬೇಡಿ.

ಪ್ರಶ್ನೆ: ನಾನು ಸೋತವನು. ವ್ಯಾಪಾರ ಕೆಟ್ಟು ಸಾಲ ಉಳಿಯಿತು, ಡಿಕ್ರಿ ಆಯಿತು, ತೀರಿಸುವ ಮನಸ್ಸಿದೆ. ನಾನೂ ತಮ್ಮನೂ ಸೇರಿ ಇರುವ ತಂದೆ ಕಾಲದ ಮನೆಯನ್ನು ಪೂರ್ತಿ ಜಪ್ತಿ ಮಾಡಿದ್ದಾರೆ. ಹಣ ಕಟ್ಟದಿದ್ದರೆ ಜೈಲು ಅಂತಲೂ ಹೆದರಿಸುತ್ತಿದ್ದಾರೆ. ಮನೆ ಉಳಿಸಿಕೊಳ್ಳುವುದು ಹೇಗೆ?
ಓದುಗರು, ಮೈಸೂರು

ಉತ್ತರ: ಜೈಲಿನ ಮಾತು ಮೊದಲು. ಕೊಡಲು ಶಕ್ತಿ ಇದ್ದೂ ಕೊಡದವರನ್ನು, ಆಸ್ತಿ ಬಚ್ಚಿಟ್ಟವರನ್ನು, ಓಡಿಹೋಗಲು ನೋಡುವವರನ್ನು ಮಾತ್ರ ಸಿವಿಲ್ ಜೈಲಿಗೆ ಕಳುಹಿಸಬಹುದು, ಬಡವನಾಗಿರುವುದೇ ತಪ್ಪಲ್ಲ ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಹೆಚ್ಚೆಂದರೆ ಮೂರು ತಿಂಗಳು, ಆ ಅವಧಿಯಲ್ಲಿ ನಿಮ್ಮ ಊಟದ ಭತ್ಯೆ ಕಟ್ಟಬೇಕಾದವರು ಡಿಕ್ರಿದಾರರೇ. ಬರಬೇಕಾದ ದುಡ್ಡಿನ ಜೊತೆ ಕೈಯಿಂದ ಇನ್ನಷ್ಟು ಹಾಕಲು ಯಾರೂ ಅಷ್ಟು ಸುಲಭಕ್ಕೆ ಮುಂದೆ ಬರುವುದಿಲ್ಲ. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಅಂತಲೂ ತಿಳಿಯಬೇಡಿ, ಸಾಲ ಹಾಗೇ ಇರುತ್ತದೆ.

ಮನೆಯ ವಿಷಯ. ನಿಮ್ಮ ಸಾಲಕ್ಕೆ ಹೋಗುವುದು ನಿಮ್ಮ ಪಾಲು ಮಾತ್ರ. ತಮ್ಮ ತನ್ನ ಪಾಲಿನ ಬಗ್ಗೆ ನಿಯಮ 58ರಲ್ಲಿ ತಕರಾರು ಅರ್ಜಿ ಹಾಕಲಿ, ಹರಾಜು ಆಗುವ ಮೊದಲೇ ಹಾಕಲಿ, ಬೇಕೆಂತಲೇ ತಡಮಾಡಿದ ಅರ್ಜಿಯನ್ನು ಕೋರ್ಟು ನೋಡುವುದಿಲ್ಲ. ಡಿಕ್ರಿ ತೀರುವುದಕ್ಕೆ ಎಷ್ಟು ಬೇಕೋ ಅಷ್ಟು ಭಾಗವನ್ನೇ ಮಾರಬೇಕು ಅನ್ನುವುದು ನಿಯಮ 64, ಅದನ್ನು ನೀವೂ ಎತ್ತಿ. ಇನ್ನೊಂದು ಸಮಾಧಾನ ಏನೆಂದರೆ, ಒಡೆಯದ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರು ಬಂದು ಒಳಗೆ ಕೂರುವಂತಿಲ್ಲ, ಪಾಲಿನ ದಾವೆ ಹಾಕಿ ವಿಭಾಗ ಮಾಡಿಸಿಕೊಳ್ಳಬೇಕು. ಹಾಗಾಗಿ ಇಂಥ ಪಾಲಿಗೆ ಕೂಗುವವರು ಕಡಿಮೆ, ಮಾತುಕತೆಗೆ ಕೂತಾಗ ಇದು ನಿಮ್ಮ ಕೈ ಬಲಪಡಿಸುತ್ತದೆ.

ಮನಸ್ಸಿದೆ ಅಂದಿರಲ್ಲ, ಹಾಗಾದರೆ ನಿಯಮ 83 ನೋಡಿ. ಅಡ ಇಟ್ಟೋ ಖಾಸಗಿಯಾಗಿ ಮಾರಿಯೋ ಹಣ ಹೊಂದಿಸುತ್ತೇನೆ ಅಂತ ತೋರಿಸಿದರೆ ಕೋರ್ಟು ಹರಾಜು ಮುಂದಕ್ಕೆ ಹಾಕಿ ಅದಕ್ಕೆ ಅನುಮತಿ ಕೊಡಬಹುದು. ಕೋರ್ಟು ಹರಾಜಿಗಿಂತ ಹಾಗೆ ಮಾರಿದರೆ ಬೆಲೆ ಜಾಸ್ತಿ ಬರುತ್ತದೆ. ಹರಾಜು ಆಗಿಹೋದರೂ 60 ದಿನ ಇದೆ. ಪ್ರಕಟಣೆಯಲ್ಲಿ ಬರೆದ ಡಿಕ್ರಿ ಮೊತ್ತ, ಜೊತೆಗೆ ಕೂಗಿದ ಬೆಲೆಯ ಶೇ 5 ಕಟ್ಟಿದರೆ ಹರಾಜು ರದ್ದಾಗುತ್ತದೆ. 20 ಲಕ್ಷಕ್ಕೆ ಹೋಗಿದ್ದರೆ ಆ ಶೇ 5 ಎಂದರೆ 1 ಲಕ್ಷ, ಅದು ಕೊಂಡವರಿಗೆ. ಈ ಅರ್ಜಿಯ ಜೊತೆಗೇ ಹರಾಜಿನಲ್ಲಿ ಅಕ್ರಮ ನಡೆದಿದೆ ಅಂತ ಇನ್ನೊಂದು ಅರ್ಜಿ ಓಡಿಸಲು ಆಗುವುದಿಲ್ಲ, ಒಂದನ್ನು ಆರಿಸಿಕೊಳ್ಳಿ.

ಹಣ ಕೊಡುವಾಗ ದಯವಿಟ್ಟು ಕೈಗೆ ಕೊಡಬೇಡಿ. ಕೋರ್ಟಿಗೆ ಕಟ್ಟಿ, ಇಲ್ಲವೇ ಬ್ಯಾಂಕಿನ ಮೂಲಕ ಕೊಡಿ. ಹೊರಗೆ ಕೊಟ್ಟಿದ್ದನ್ನು ಕೋರ್ಟಿನಲ್ಲಿ ದಾಖಲು ಮಾಡಿಸಲು ನಿಮಗೆ 30 ದಿನ ಮಾತ್ರ ಸಮಯ. ದಾಖಲಾಗದ ಹಣವನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಿಜವಾಗಿ ಕೊಟ್ಟಿದ್ದರೂ ಎರಡನೇ ಸಲ ಕಟ್ಟಬೇಕಾಗುತ್ತದೆ.

ಪ್ರಶ್ನೆ: ಎದುರಿನವರು ಅಪೀಲು ಹಾಕಿದ್ದಾರೆ. ಮುಗಿಯುವ ತನಕ ಕಾಯಬೇಕೇ?
ಓದುಗರು, ದಾವಣಗೆರೆ

ಉತ್ತರ: ಬೇಡ. ಅಪೀಲು ಹಾಕಿದ ಮಾತ್ರಕ್ಕೆ ತಡೆ ಸಿಕ್ಕಂತಲ್ಲ, ಆದೇಶ 41 ನಿಯಮ 5 ಹಾಗೇ ಹೇಳುತ್ತದೆ. ತಡೆಯಾಜ್ಞೆಯ ಪ್ರತಿ ತೋರಿಸಿ ಅನ್ನಿ. ಇಲ್ಲ ಅಂದರೆ ಅಮಲ್ಜಾರಿ ಮುಂದುವರಿಸಿ. ಅವರು ತಡೆ ಕೇಳಿದಾಗ ನೀವು ಹಾಜರಾಗಿ, ಡಿಕ್ರಿ ಹಣದಲ್ಲಿ ಒಂದು ಭಾಗವನ್ನಾದರೂ ಠೇವಣಿ ಕಟ್ಟಿಸಿ ಅಂತ ಒತ್ತಾಯಿಸಿ.

ಪ್ರಶ್ನೆ: ಚೆಕ್ ಬೌನ್ಸ್ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಒಪ್ಪಿದ ಕಂತು ಕಟ್ಟುತ್ತಿಲ್ಲ. ಅವರ ಸೈಟು ಜಪ್ತಿ ಮಾಡಿಸಲು ಹೊಸ ಸಿವಿಲ್ ದಾವೆ ಹಾಕಬೇಕೇ?
ಓದುಗರು, ಮಂಗಳೂರು

ಉತ್ತರ: ಬೇಕಿಲ್ಲ. ಲೋಕ ಅದಾಲತ್‌ನ ಅವಾರ್ಡನ್ನು, ಅಂದರೆ ರಾಜಿಯಂತೆ ಬರೆದ ಆದೇಶವನ್ನು, ಸಿವಿಲ್ ಕೋರ್ಟಿನ ಡಿಕ್ರಿ ಎಂದೇ ಪರಿಗಣಿಸಬೇಕು, ಅದು ಕ್ರಿಮಿನಲ್ ಕೋರ್ಟಿನಿಂದ ಬಂದ ಚೆಕ್ ಕೇಸಾದರೂ ಸರಿ ಎಂದು ಸುಪ್ರೀಂ ಕೋರ್ಟು 2011ರಲ್ಲಿ ತೀರ್ಮಾನಿಸಿದೆ. ಅವಾರ್ಡಿನ ದೃಢೀಕೃತ ನಕಲು ತೆಗೆದುಕೊಂಡು ನೇರವಾಗಿ ಅಮಲ್ಜಾರಿ ಹಾಕಿ.

ಪ್ರಶ್ನೆ: ಸಾಲಗಾರರು ರೈತರು, ಹಳ್ಳಿಯಲ್ಲಿ ವಾಸದ ಮನೆ, ಎರಡು ಎಕರೆ ಜಮೀನು ಇದೆ. ಮಗ ಸರ್ಕಾರಿ ನೌಕರಿಯಲ್ಲಿದ್ದಾನೆ. ಯಾವುದನ್ನು ಜಪ್ತಿ ಮಾಡಿಸಬಹುದು?
ಓದುಗರು, ವಿಜಯಪುರ

ಉತ್ತರ: ಅವರು ವಾಸ ಮಾಡುವ ಮನೆ ಬಿಡಿ, ಕೃಷಿಕರ ಮತ್ತು ಕೂಲಿ ಮಾಡುವವರ ವಾಸದ ಮನೆಗೆ ಸಿಪಿಸಿ ಸೆಕ್ಷನ್ 60ರಲ್ಲಿ ವಿನಾಯಿತಿ ಇದೆ. ಉಳುಮೆಯ ಸಲಕರಣೆ, ಬೇಸಾಯಕ್ಕೆ ಬೇಕೆಂದು ಕೋರ್ಟಿಗೆ ಅನಿಸಿದ ದನ, ಬೀಜ, ಅಡುಗೆ ಪಾತ್ರೆ, ಹಾಸಿಗೆ ಇವನ್ನೂ ಮುಟ್ಟುವಂತಿಲ್ಲ. ನಗರದಲ್ಲಿ ನೌಕರಿ ಮಾಡುವವರ ಮನೆಗೆ ಈ ರಕ್ಷಣೆ ಸಿಗುವುದಿಲ್ಲ, ಅದು ಬೇರೆ ಮಾತು. ಜಮೀನು ಅವರ ಹೆಸರಲ್ಲಿದ್ದರೆ ಪಹಣಿ ತೆಗೆಸಿ ಅದನ್ನು ಕೇಳಿ. ಮಗನ ಸಂಬಳಕ್ಕೆ ಕೈ ಹಾಕಲು ಆಗುವುದಿಲ್ಲ, ಸಾಲ ಅವನದಲ್ಲವಲ್ಲ. ಅವನೇ ಸಾಲಗಾರನಾಗಿದ್ದರೆ ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಭಾಗ ಬಿಟ್ಟು ಮಿಕ್ಕಿದ್ದು ಸಿಗುತ್ತಿತ್ತು, 40,000 ಸಂಬಳಕ್ಕೆ ತಿಂಗಳಿಗೆ 13,000, ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ.